ಮಿತ್ರದೇಶ ಯುದ್ಧಕ್ಕೆ ಹೊರಟರೆ ಜೊತೆಗೆ ಹೋಗಲೇಬೇಕೆ?

ಓದುಗರ ಪ್ರಶ್ನೆ: ‘ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ’ ಎಂಬುದು ನ್ಯಾಟೊ ಒಪ್ಪಂದದ ಮಾತಲ್ಲವೇ? ಹಾಗಿದ್ದ ಮೇಲೆ 2003ರಲ್ಲಿ ಅಮೆರಿಕ ಇರಾಕ್ ಮೇಲೆ ಯುದ್ಧಕ್ಕೆ ಹೊರಟಾಗ ಫ್ರಾನ್ಸ್, ಜರ್ಮನಿ, ಟರ್ಕಿ ಹಿಂದೆ ಸರಿದದ್ದು ಕೊಟ್ಟ ಮಾತಿಗೆ ತಪ್ಪಿದಂತೆ ಆಗಲಿಲ್ಲವೇ?

ಆಗಲಿಲ್ಲ. ‘ಒಬ್ಬರ ಮೇಲಿನ’ ಎಂಬ ಎರಡು ಪದಗಳನ್ನು ಇನ್ನೊಮ್ಮೆ ಓದಿ. 1949ರ ಏಪ್ರಿಲ್ 4ರಂದು ವಾಷಿಂಗ್ಟನ್‌ನಲ್ಲಿ ಅಮೆರಿಕವೂ ಸೇರಿ 12 ದೇಶಗಳು ಸಹಿ ಹಾಕಿದ ಆ ಪರಸ್ಪರ ರಕ್ಷಣೆಯ ಒಪ್ಪಂದದ 5ನೇ ವಿಧಿ ಇರುವುದು ಸದಸ್ಯ ದೇಶದ ಮೇಲೆ ಯಾರಾದರೂ ಎರಗಿದರೆ ಎಂಬ ಸಂದರ್ಭಕ್ಕೆ. ಸದಸ್ಯ ದೇಶವೇ ಇನ್ನೊಬ್ಬರ ಮೇಲೆ ಏರಿಹೋದರೆ ಉಳಿದವರು ಏನು ಮಾಡಬೇಕು ಎಂಬುದು ಅದರಲ್ಲಿಲ್ಲ. ನಿಮ್ಮ ಮನೆಗೆ ಕಳ್ಳರು ನುಗ್ಗಿದರೆ ಓಡಿಬರುತ್ತೇನೆ ಎಂದ ಪಕ್ಕದ ಮನೆಯವನು, ನೀವು ಪಕ್ಕದೂರಿಗೆ ಜಗಳಕ್ಕೆ ಹೊರಟಾಗಲೂ ದೊಣ್ಣೆ ಹಿಡಿದು ಹಿಂದೆ ಬರಬೇಕೆಂದೇನಿಲ್ಲ.

ದಾಳಿ ನಿಜವಾಗಿ ನಡೆದಾಗಲೂ ಸೈನ್ಯ ಕಳಿಸಲೇಬೇಕೆಂಬ ಕಟ್ಟಳೆ ಇಲ್ಲ. ‘ತನಗೆ ಅಗತ್ಯವೆನಿಸಿದ ಕ್ರಮ’ ಕೈಗೊಂಡರೆ ಸಾಕು ಎಂದು ಒಪ್ಪಂದ ಹೇಳುತ್ತದೆ. ಈ ಸಡಿಲ ಅಮೆರಿಕಕ್ಕೇ ಬೇಕಿತ್ತು ಎಂಬುದು ಸ್ವಾರಸ್ಯ: ಯುದ್ಧ ಸಾರುವ ಅಧಿಕಾರ ತಮ್ಮ ಸಂಸತ್ತಾದ ಕಾಂಗ್ರೆಸ್ಸಿನ ಕೈತಪ್ಪಿ ಹೋದೀತು ಎಂದು ಅಲ್ಲಿನ ಸೆನೆಟರುಗಳು ಅಳುಕಿದ್ದರು. ಆ 5ನೇ ವಿಧಿ ಚಾಲನೆಗೆ ಬಂದದ್ದು ಒಂದೇ ಸಲ, 2001ರ ಸೆಪ್ಟೆಂಬರ್ 12ರಂದು. ಆಗ ಫ್ರಾನ್ಸ್, ಜರ್ಮನಿ ಎರಡೂ ಅಮೆರಿಕದ ಜೊತೆ ನಿಂತು ಅಫ್ಗಾನಿಸ್ತಾನಕ್ಕೆ ಸೈನಿಕರನ್ನು ಕಳಿಸಿದವು.

ಇರಾಕ್ ಸಂಗತಿ ಬೇರೆ. ಅಲ್ಲಿ ಯಾವ ಸದಸ್ಯ ದೇಶದ ಮೇಲೂ ದಾಳಿ ಆಗಿರಲಿಲ್ಲ. 2002ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1441ನೇ ನಿರ್ಣಯವನ್ನು 15–0ರಿಂದ ಅಂಗೀಕರಿಸಿತ್ತು. ಇರಾಕ್ ಶಸ್ತ್ರ ತಪಾಸಣೆಗೆ ಸಹಕರಿಸದಿದ್ದರೆ ‘ಗಂಭೀರ ಪರಿಣಾಮ’ ಎದುರಿಸಬೇಕಾದೀತು ಎಂದಷ್ಟೇ ಅದರ ಎಚ್ಚರಿಕೆ. ಇಷ್ಟು ಸಾಕು ಎಂದಿತು ಅಮೆರಿಕ. ಯುದ್ಧಕ್ಕೆ ಇನ್ನೊಂದು ನಿರ್ಣಯ ಬೇಕು ಎಂದಿತು ಫ್ರಾನ್ಸ್. ಎಲ್ಲರೂ ಒಪ್ಪಲಿ ಎಂದು ಮಸುಕಾಗಿ ಬರೆದ ಮಾತು ಮುಂದೆ ಎಲ್ಲರ ಜಗಳಕ್ಕೂ ಮೂಲವಾಯಿತು.

ಆದರೆ ಫ್ರಾನ್ಸ್‌ನ ಭಾಷಣಕ್ಕಿಂತ ಅಮೆರಿಕಕ್ಕೆ ನಿಜವಾದ ಪೆಟ್ಟು ಕೊಟ್ಟದ್ದು ಟರ್ಕಿ ಎಂದು ನನ್ನ ಎಣಿಕೆ. ಅಮೆರಿಕದ ಲೆಕ್ಕಾಚಾರದಲ್ಲಿ ದಕ್ಷಿಣಕ್ಕೆ ಕುವೈತ್‌ನಿಂದ ಒಂದು, ಉತ್ತರಕ್ಕೆ ಟರ್ಕಿಯಿಂದ ಇನ್ನೊಂದು, ಹೀಗೆ ಎರಡು ದಾರಿಗಳಿದ್ದವು. ಸುಮಾರು 62,000 ಸೈನಿಕರಿಗೆ ಟರ್ಕಿ ದಾರಿ ಬಿಡಬೇಕಿತ್ತು. ಪ್ರತಿಯಾಗಿ ಬಿಲಿಯನ್‌ಗಟ್ಟಲೆ ಡಾಲರ್ ನೆರವಿನ ಮಾತುಕತೆ ನಡೆದಿತ್ತು. ಸೇನಾ ಸಾಮಗ್ರಿ ಹೊತ್ತ ಹಡಗುಗಳು ಮೆಡಿಟರೇನಿಯನ್‌ನಲ್ಲಿ ಕಾಯುತ್ತಿದ್ದವು. ಆದರೆ ಟರ್ಕಿಗೆ 1991ರ ಕೊಲ್ಲಿ ಯುದ್ಧದ ನೆನಪು ಮಾಸಿರಲಿಲ್ಲ: ಗಡಿಗೆ ಬಂದು ಬಿದ್ದ ಲಕ್ಷಾಂತರ ಕುರ್ದ್ ನಿರಾಶ್ರಿತರು, ನಿಂತುಹೋದ ವ್ಯಾಪಾರ. ಯುದ್ಧ ಮುಗಿದ ಮೇಲೆ ಅಮೆರಿಕ ಮನೆಗೆ ಹೋಗುತ್ತದೆ, ಇರಾಕ್ ಮಾತ್ರ ಪಕ್ಕದಲ್ಲೇ ಇರುತ್ತದೆ.

2003ರ ಮಾರ್ಚ್ 1ರಂದು ಅಂಕಾರಾದ ಸಂಸತ್ತಿನಲ್ಲಿ ಮತ ಎಣಿಸಿದರು. ಪರ 264, ವಿರುದ್ಧ 250. ಗೆದ್ದಂತೆಯೇ ಕಾಣಿಸಿತು. ಆದರೆ 19 ಮಂದಿ ತಟಸ್ಥರಾಗಿ ಉಳಿದಿದ್ದರು. ಹಾಜರಿದ್ದವರ ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬುದು ಅಲ್ಲಿನ ನಿಯಮ. 533 ಜನರಲ್ಲಿ 267 ಬೇಕಿತ್ತು. ಮೂರೇ ಮೂರು ಮತ ಕಡಿಮೆ! ಆಳುವ ಪಕ್ಷಕ್ಕೆ ಭಾರಿ ಬಹುಮತವಿದ್ದೂ ಅದರ ಸದಸ್ಯರೇ ಕೈಕೊಟ್ಟಿದ್ದರು. ಹಡಗುಗಳು ಸೂಯೆಜ್ ಕಾಲುವೆ ದಾಟಿ ಅರೇಬಿಯಾವನ್ನು ಸುತ್ತುಹಾಕಿ ಕುವೈತ್‌ಗೆ ಹೋಗಬೇಕಾಯಿತು. ಅಷ್ಟರಲ್ಲಿ, ಮಾರ್ಚ್ 20ಕ್ಕೆ, ಯುದ್ಧ ಆರಂಭವಾಗಿಬಿಟ್ಟಿತ್ತು.

ಜರ್ಮನಿಯದು ಇನ್ನೊಂದು ಬಗೆ. ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ 2002ರ ಚುನಾವಣೆಯನ್ನು ಗೆದ್ದದ್ದರಲ್ಲಿ ಯುದ್ಧವಿರೋಧಿ ಮಾತಿನ ಪಾಲು ದೊಡ್ಡದು. ಸೈನಿಕರನ್ನು ಕಳಿಸಲಿಲ್ಲ, ನಿಜ. ಆದರೆ ಜರ್ಮನಿಯ ನೆಲದಲ್ಲಿದ್ದ ಅಮೆರಿಕದ ನೆಲೆಗಳು ಎಂದಿನಂತೆ ಕೆಲಸ ಮಾಡಿದವು. ಅವುಗಳ ಕಾವಲಿಗೆ ಜರ್ಮನ್ ಸೈನಿಕರೇ ನಿಂತರು. ಇರಾಕ್‌ನಲ್ಲಿ ಗಾಯಗೊಂಡ ಅಮೆರಿಕನ್ನರು ಬಂದಿಳಿಯುತ್ತಿದ್ದದ್ದೂ ಜರ್ಮನಿಯ ಲಾಂಡ್‌ಷ್ಟುಲ್ ಸೇನಾ ಆಸ್ಪತ್ರೆಗೆ. ಮುಂಬಾಗಿಲಲ್ಲಿ ‘ಇಲ್ಲ’ ಎಂದು ಹಿತ್ತಲ ಬಾಗಿಲಿನ ಚಿಲಕ ಹಾಕದೆ ಬಿಟ್ಟ ಹಾಗೆ. ಇದನ್ನು ಬೂಟಾಟಿಕೆ ಎಂದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಒಂದು ಯುದ್ಧ ಬೇಡವೆಂದ ಮಾತ್ರಕ್ಕೆ ಐವತ್ತು ವರ್ಷದ ನಂಟನ್ನೇ ಹರಿದುಕೊಳ್ಳಲು ಯಾರಿಗೂ ಆಗದು.

ನ್ಯಾಟೊ ಸದಸ್ಯನಲ್ಲದಿದ್ದರೂ ಭಾರತವೂ ಈ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿತ್ತು. 2003ರ ಏಪ್ರಿಲ್‌ನಲ್ಲಿ ಲೋಕಸಭೆ ಅಂಗೀಕರಿಸಿದ ನಿರ್ಣಯದಲ್ಲಿ ಹಿಂದಿಯ ‘ನಿಂದಾ’ ಪದ ಬಂತು. ಅದನ್ನು ‘ಖಂಡನೆ’ ಎಂದೂ ಓದಬಹುದು, ಬರಿಯ ‘ವಿಷಾದ’ ಎಂದೂ ಓದಬಹುದು. ಸರ್ಕಾರಕ್ಕೂ ವಿರೋಧಪಕ್ಷಕ್ಕೂ ಒಂದೇ ಪದದಲ್ಲಿ ಸಮಾಧಾನ. ಯುದ್ಧಾನಂತರದ ಇರಾಕ್‌ಗೆ ಒಂದು ಸೇನಾ ಡಿವಿಷನ್ ಕಳಿಸಿ ಎಂದು ಅಮೆರಿಕ ಕೇಳಿದಾಗ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಬೇಕು ಎಂದು ವಾಜಪೇಯಿ ಸರ್ಕಾರ ಜುಲೈನಲ್ಲಿ ನಯವಾಗಿ ಜಾರಿಕೊಂಡಿತು.

ಇಲ್ಲ ಎಂದವರಿಗೆ ಶಿಕ್ಷೆ? ಒಪ್ಪಂದದಲ್ಲಿ ಸದಸ್ಯರನ್ನು ಹೊರಹಾಕುವ ವಿಧಿಯೇ ಇಲ್ಲ. ಸಿಟ್ಟು ಬೇರೆ ದಾರಿ ಹಿಡಿಯುತ್ತದೆ. 2003ರ ಜುಲೈ 4ರಂದು ಇರಾಕ್‌ನ ಸುಲೈಮಾನಿಯಾದಲ್ಲಿ ಅಮೆರಿಕದ ಪಡೆ ಟರ್ಕಿ ಸೈನಿಕರನ್ನು ಹಿಡಿದು ತಲೆಗೆ ಮುಸುಕು ಹಾಕಿ ಕರೆದೊಯ್ದಿತು. ಅದು ಇಡೀ ಟರ್ಕಿಗೆ ಮಾಡಿದ ಅವಮಾನ ಎಂದು ಅಲ್ಲಿನ ಜನ ಕೆರಳಿದರು. ಫ್ರಾನ್ಸ್ ಮೇಲಿನ ಕೋಪ ಊಟದ ತಟ್ಟೆಗೆ ಇಳಿಯಿತು. ಅಮೆರಿಕದ ಸಂಸತ್ತಿನ ಕ್ಯಾಂಟೀನುಗಳಲ್ಲಿ ಫ್ರೆಂಚ್ ಫ್ರೈಸ್‌ಗೆ ‘ಫ್ರೀಡಂ ಫ್ರೈಸ್’ ಎಂದು ಹೆಸರಿಟ್ಟರು. ಆ ಕರಿದ ಆಲೂಗಡ್ಡೆ ತಮ್ಮದು ಎಂದು ವಾದಿಸುವವರು ಬೆಲ್ಜಿಯಂನವರು, ಮತ್ತು ಈ ತಕರಾರಿನಲ್ಲಿ ಅವರೂ ಫ್ರಾನ್ಸ್ ಪಕ್ಕದಲ್ಲೇ ನಿಂತಿದ್ದರು. 2006ರಲ್ಲಿ ಸದ್ದಿಲ್ಲದೆ ಹಳೆಯ ಹೆಸರೇ ಮೆನುವಿಗೆ ಮರಳಿತು.