ಹುಡುಗನಿಗೆ ಕಂಪ್ಯೂಟರ್ ಹುಚ್ಚು, ಮುಂದೆ ಏನು ಓದಿಸೋಣ?

"ಸರ್, ನಮ್ಮ ಹುಡುಗಗ ಕಂಪ್ಯೂಟರ್ ಹುಚ್ಚು ಭಾಳ ಐತ್ರಿ. ಮುಂದ ಏನ್ ಓದಸ್ಬೇಕು?" ವಿಜಯಪುರ ಜಿಲ್ಲೆಯ ಶಾಲೆಗಳಿಗೆ ಹೋದಾಗೆಲ್ಲ ಅಪ್ಪ-ಅಮ್ಮಂದಿರು ಜಾಸ್ತಿ ಕೇಳುವ ಪ್ರಶ್ನೆ ಇದು. ಮಕ್ಕಳಿಗೆ ಕಂಪ್ಯೂಟರಿನಲ್ಲಿ ಕನ್ನಡದ ಗಣಿತ ಪಾಠ ಮಾಡಿಕೊಡುವುದು ನನ್ನ ಕೆಲಸ. ಹಾಗಾಗಿ ಪ್ರಶ್ನೆ ನನ್ನ ಹತ್ತಿರವೇ ಬರುತ್ತದೆ. ನಾನು ತಿರುಗಿ ಕೇಳುವುದು ಒಂದೇ: ಹುಡುಗ ಕಂಪ್ಯೂಟರ್ ಮುಂದೆ ಕೂತು ನೋಡ್ತಾನಾ, ಏನಾದರೂ ಮಾಡ್ತಾನಾ?

ನನಗೆ ಈ ಹುಚ್ಚು ಹತ್ತಿದ್ದು ತೊಂಬತ್ತರ ದಶಕದಲ್ಲಿ. ಆಗ ಊರಿನ ಹೆಸರು ಇನ್ನೂ ಬಿಜಾಪುರ. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿದ್ದ ಕೋಣೆ, ಕಪ್ಪು ಪರದೆ, ಅಗಲದ ಫ್ಲಾಪಿ, ಜಿಡಬ್ಲ್ಯೂ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ. ನಾಲ್ಕು ಸಾಲು ಬರೆದರೆ ಹದಿನೇಳರ ಮಗ್ಗಿ ತಾನೇ ಇಳಿದು ಬರುತ್ತಿತ್ತು. ತಪ್ಪು ಬರೆದರೆ 'ಸಿಂಟ್ಯಾಕ್ಸ್ ಎರರ್' ಅನ್ನುತ್ತಿತ್ತು, ಅಷ್ಟೇ. ಬೈಗುಳ ಇಲ್ಲ, ಕೆಂಪು ಮಸಿ ಇಲ್ಲ, ಹಿಂದೆ ಕೂತು ನಗುವವರಿಲ್ಲ. ತಿದ್ದಿ ಮತ್ತೆ ಓಡಿಸಿದರಾಯಿತು. ಗಣಿತದ ಕ್ಲಾಸಿನಲ್ಲಿ ಸಿಗದ ಆ ಧೈರ್ಯವನ್ನು ಬೇರೆ ಮಕ್ಕಳಿಗೂ ಕೊಡಬೇಕು ಅನ್ನಿಸಿದ್ದರಿಂದಲೇ ಈ ಕೆಲಸಕ್ಕೆ ಬಂದೆ.

ಇದನ್ನು ಬಹಳ ಮೊದಲೇ ಕಂಡುಕೊಂಡವರು ಗಣಿತಜ್ಞ ಸೈಮೂರ್ ಪೇಪರ್ಟ್. 1967ರಲ್ಲಿ ಅವರೂ ಸಂಗಡಿಗರೂ ಸೇರಿ ಮಕ್ಕಳಿಗಾಗಿ ಲೋಗೊ ಎಂಬ ಕಂಪ್ಯೂಟರ್ ಭಾಷೆ ಮಾಡಿದರು. ಆಮೇಲೆ ಅದಕ್ಕೊಂದು ಆಮೆ ಬಂತು; ನಿಜವಾದ ಆಮೆಯಲ್ಲ, ಕಂಪ್ಯೂಟರ್ ಹೇಳಿದಂತೆ ನಡೆಯುವ ಆಮೆ. 'ಮುಂದೆ 100, ಬಲಕ್ಕೆ 90' ಎಂದರೆ ಅದು ಗೆರೆ ಎಳೆಯುತ್ತಾ 100 ಹೆಜ್ಜೆ ಹೋಗಿ ಬಲಕ್ಕೆ 90 ಡಿಗ್ರಿ ತಿರುಗುತ್ತದೆ. 2007ರಲ್ಲಿ ಬಂದ ಸ್ಕ್ರ್ಯಾಚ್ ಎಂಬ ಮಕ್ಕಳ ಕಂಪ್ಯೂಟರ್ ಭಾಷೆ ಕೂಡ ಇದೇ ದಾರಿಯದು. ನಾನು ಶಾಲೆಗಳಲ್ಲಿ ಬಳಸುವುದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಒಳಗಿರುವ ಆಮೆಯನ್ನು. ಪೈಥಾನ್ 3ರಲ್ಲಿ ಕಮಾಂಡ್‌ಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ಒಂದು ಪುಟ್ಟ ಫೈಲ್ ಮಾಡಿಟ್ಟರೆ ಸಾಕು, ಮಗು 'ಮುಂದೆ' ಎಂದು ಕನ್ನಡದಲ್ಲಿ ಟೈಪ್ ಮಾಡಿದರೆ ಆಮೆ ಮುಂದೆ ಹೋಗುತ್ತದೆ. ಕನ್ನಡದ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ತಮ್ಮದೇ ಸಂಕೇತ ಕೊಟ್ಟ ಯೂನಿಕೋಡ್ ಬರದಿದ್ದರೆ ಇದು ಆಗುತ್ತಿರಲಿಲ್ಲ. ಹಳೆಯ ಫಾಂಟ್‌ಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಶಾಲೆಗಳ ಹಳೆ ಪ್ರಶ್ನೆಪತ್ರಿಕೆ ಮೊಬೈಲಿನಲ್ಲಿ ತೆರೆದರೆ ಕಲಸುಮೇಲೋಗರವಾಗಿ ಕಾಣುವುದು ಅದಕ್ಕೇ.

ಎಂಟನೇ ತರಗತಿಯ ಮಕ್ಕಳಿಗೆ ಮೂರೂ ಬಾಹು ಸಮ ಇರುವ ತ್ರಿಭುಜ ಬರೆಸಲು ಹೇಳಿ ನೋಡಿ. ಬಹಳ ಜನ 'ಬಲಕ್ಕೆ 60' ಅಂತಾರೆ. ಪುಸ್ತಕದಲ್ಲಿ ಕೋನ 60 ಎಂದೇ ಇದೆ, ಅಲ್ವಾ? ಆದರೆ ಆಮೆ ತ್ರಿಭುಜ ಮುಚ್ಚುವುದಿಲ್ಲ. ಮೂರು ಸಲ ಓಡಿಸಿದರೆ ಅರ್ಧ ಷಟ್ಕೋನ ಬಿಡಿಸಿ ನಿಲ್ಲುತ್ತದೆ. ಆಗ ನಾನು ಉತ್ತರ ಹೇಳುವುದಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ತ್ರಿಭುಜ ಬರೆದು, ಅದರ ಮೇಲೆ ನಡೆಯಲು ಹೇಳುತ್ತೇನೆ. ಮೂಲೆಗೆ ಬಂದಾಗ ಮೈ ಎಷ್ಟು ತಿರುಗಿತು ಎಂದು ಕಾಲಿಗೇ ಗೊತ್ತಾಗುತ್ತದೆ: 120. ಒಬ್ಬ ಹುಡುಗಿ ನಡೆದು ಮುಗಿಸಿ ಅಂದಳು, "ಸರ್, ನಾ ಒಂದು ಸುತ್ತು ಪೂರಾ ತಿರಗಿದ್ನಲ್ರಿ!" ತ್ರಿಭುಜಕ್ಕೆ ಮೂರು ಸಲ 120, ಚೌಕಕ್ಕೆ ನಾಲ್ಕು ಸಲ 90, ಎರಡೂ 360. ಬಾಹ್ಯಕೋನಗಳ ಮೊತ್ತ 360 ಎಂಬ ಪಾಠವನ್ನು ಅವಳು ತಾನೇ ಕಂಡುಕೊಂಡಿದ್ದಳು.

ಮುಂದಿನದು ಗೋಲ ಗುಮ್ಮಟ. 1656ರ ಕಟ್ಟಡ, ಸುಮಾರು 44 ಮೀಟರ್ ಅಡ್ಡಳತೆಯ ಗುಮ್ಮಟ, ನಡುವೆ ಒಂದು ಕಂಬವೂ ಇಲ್ಲ. ಕೆಳಗಿರುವುದು ಚೌಕ, ಮೇಲಿರುವುದು ವೃತ್ತ. ನಡುವೆ ಒಂದನ್ನೊಂದು ಹಾಯುವ ಕಮಾನುಗಳಿವೆ. ಒಂದು ಚೌಕದ ಮೇಲೆ ಇನ್ನೊಂದನ್ನು 45 ಡಿಗ್ರಿ ತಿರುಗಿಸಿಟ್ಟಂಥ ಎಂಟು ಮೂಲೆಯ ನಕ್ಷತ್ರ ಅವುಗಳ ವಿನ್ಯಾಸ. ಅದನ್ನು ಆಮೆಯಿಂದ ಬರೆಸಿ ಅಂದರೆ ಮಕ್ಕಳು ಮೂಲೆಯಲ್ಲಿ ನಿಂತು 45 ತಿರುಗಿಸುತ್ತಾರೆ. ಎರಡನೇ ಚೌಕ ಪಕ್ಕಕ್ಕೆ ಜಾರುತ್ತದೆ. ನಡುವಿನಿಂದಲೇ ಹೊರಡಬೇಕು ಎಂದು ಹೊಳೆಯುವುದಕ್ಕೆ ಒಂದು ಪೀರಿಯಡ್ ಹೋಗುತ್ತದೆ. ನಡುವಿನಿಂದ ಮೂಲೆಗೆ 100 ಇಟ್ಟರೆ ಬಾಹು ಎಷ್ಟಿರಬೇಕು? 150 ಹಾಕಿದರೆ ನಡುಬಿಂದು ತಪ್ಪುತ್ತದೆ, 130 ಹಾಕಿದರೂ ತಪ್ಪುತ್ತದೆ. ತಡಕಾಡಿ 141ಕ್ಕೆ ಬರುತ್ತಾರೆ, ಅಂದರೆ 100ರ ಸುಮಾರು 1.41 ಪಟ್ಟು; ಅದೇ ಎರಡರ ವರ್ಗಮೂಲ. ಅದನ್ನು ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಗಳಿಗೆ ನನಗೆ ಗೊತ್ತಿಲ್ಲ.

ಈಗ ಮಾರಾಟಕ್ಕಿರುವ ಎಷ್ಟೋ ಆ್ಯಪ್‌ಗಳಲ್ಲಿ ಒಂದು ವಿಡಿಯೋ, ಕೆಳಗೆ ನಾಲ್ಕು ಉತ್ತರ. ತ್ರಿಭುಜದ ಮೂಲೆಯಲ್ಲಿ ಎಷ್ಟು ತಿರುಗಬೇಕು ಎಂಬ ಪ್ರಶ್ನೆಗೆ 60 ಒತ್ತಿದರೆ 'ತಪ್ಪು, ಸರಿ ಉತ್ತರ 120'. ಮಗು 120 ಬಾಯಿಪಾಠ ಮಾಡುತ್ತದೆ, ಅಷ್ಟೇ. 60 ಹಾಕಿದ ಮಗುವಿಗೆ 60ರಿಂದ ಏನಾಯಿತು ಎಂದು ತೋರಿಸದ ಪಾಠವನ್ನು ನಾನು ಪಾಠ ಅನ್ನುವುದಿಲ್ಲ.

ಇನ್ನು ಓದಿನ ವಿಷಯ. ಬಿಸಿಎ ಆಗಲಿ, ಬಿಇ ಆಗಲಿ, ಬಿಎಸ್ಸಿ ಮಾಡಿ ಬಿಎಡ್ ಆಗಲಿ, ಯಾವುದರಿಂದಲೂ ಈ ಕೆಲಸಕ್ಕೆ ಬರಬಹುದು. ಕೋಡ್ ಬರೆಯುವವರು ಬೇಕಾದಷ್ಟು ಸಿಗುತ್ತಾರೆ. ಐದನೇ ತರಗತಿಯ ಮಗು ಭಿನ್ನರಾಶಿಯಲ್ಲಿ ಎಲ್ಲಿ ಎಡವುತ್ತದೆ ಎಂದು ಬಲ್ಲವರು ಸಿಗುವುದು ಕಷ್ಟ. ಅದನ್ನು ಕಲಿಯಲು ಡಿಗ್ರಿವರೆಗೆ ಸುಮ್ನೆ ಕಾಯಬೇಕಿಲ್ಲ. ಮನೆಯಲ್ಲಿ ಹಳೆ ಲ್ಯಾಪ್‌ಟಾಪ್ ಇದ್ದರೆ ಸಾಕು, ಪೈಥಾನ್ ಉಚಿತ. ನಿಮ್ಮ ಹುಡುಗ ತನ್ನ ತಂಗಿಗೆ ಅರ್ಧ, ಕಾಲು, ಮುಕ್ಕಾಲು ಕಲಿಸುವ ಒಂದು ಪುಟ್ಟ ಪ್ರೋಗ್ರಾಂ ಬರೆಯಲಿ. ಅವಳು ಬಳಸುವಾಗ ಪಕ್ಕದಲ್ಲಿ ಕೂರಲಿ, ಬಾಯಿ ಬಿಡದೆ. ಅವಳ ಬೆರಳು ಎಲ್ಲೆಲ್ಲಿ ತಡೆದು ನಿಂತಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಅಲ್ಲಲ್ಲಿ ಪ್ರೋಗ್ರಾಂ ತಿದ್ದಲಿ. ನಾನು ದಿನಾ ಆಫೀಸಿನಲ್ಲಿ ಮಾಡುವುದೂ ಇದನ್ನೇ.