72 ಡಿಪಿಐ ಎಂಬ ಮೂಢನಂಬಿಕೆ

ಕಂಪ್ಯೂಟರ್ ಬಲ್ಲವರಲ್ಲೂ ಮೂಢನಂಬಿಕೆಗಳಿವೆ. ಅವುಗಳಲ್ಲಿ ಆಳವಾಗಿ ಬೇರುಬಿಟ್ಟಿರುವ ಒಂದೆಂದರೆ, ‘ಜಾಲತಾಣಕ್ಕೆ ಹಾಕುವ ಚಿತ್ರ 72 ಡಿಪಿಐ ಇರಬೇಕು’ ಎಂಬುದು. (ಡಿಪಿಐ ಎಂದರೆ ‘ಡಾಟ್ಸ್ ಪರ್ ಇಂಚ್’, ಅಂಗುಲಕ್ಕೆ ಇಷ್ಟು ಚುಕ್ಕೆ ಎಂಬ ಅಳತೆ.) ಕೋಲಾರದ ಡಿಟಿಪಿ ಅಂಗಡಿಗಳಲ್ಲಿ ಇದನ್ನು ಕೇಳಿದ್ದೇನೆ, ಕಾಲೇಜು ಹುಡುಗರ ಬಾಯಲ್ಲಿ ಕೇಳಿದ್ದೇನೆ. ಏಕೆ ಎಂದು ಕೇಳಿದರೆ ಯಾರಿಗೂ ಉತ್ತರ ಗೊತ್ತಿಲ್ಲ. ಹಿಂದಿನವರು ಹೇಳಿದ್ದರು, ನಾವೂ ಮಾಡುತ್ತೇವೆ, ಅಷ್ಟೇ. ಕಾರಣ ಕೇಳದೆ ಪಾಲಿಸುವ ನಿಯಮ ಬಾಳೆಹಣ್ಣು ತಿಂಗಳ ಯಾವ ದಿನ ತಿನ್ನಬೇಕು ಎಂಬುದರ ಬಗ್ಗೆ ಇದ್ದರೂ ಒಂದೇ, ಚಿತ್ರವನ್ನು ಕಟ್ಟುವ ಪುಟ್ಟ ಚುಕ್ಕೆಯಾದ ಪಿಕ್ಸೆಲ್ ಬಗ್ಗೆ ಇದ್ದರೂ ಒಂದೇ. ಈ ಸಂಖ್ಯೆಯನ್ನು ನಂಬಿಕೊಂಡು, ಕೈಯಾರೆ ಬಿಡಿಸಿದ ಒಳ್ಳೊಳ್ಳೆಯ ಚಿತ್ರಕಥೆಗಳನ್ನು (ಕಾಮಿಕ್ಸ್) ಪರದೆಯ ಮೇಲೆ ಹಾಳುಮಾಡಿಕೊಳ್ಳುವವರನ್ನು ನೋಡಿ ನೊಂದು ಇದನ್ನು ಬರೆಯುತ್ತಿದ್ದೇನೆ.

ಡಿಪಿಐ ಎಂಬುದು ಕಡತದ ತಲೆಯ ಮೇಲೆ ಅಂಟಿಸಿರುವ ಒಂದು ಚೀಟಿ. ಮುದ್ರಿಸುವಾಗ ಒಂದು ಅಂಗುಲಕ್ಕೆ ಎಷ್ಟು ಪಿಕ್ಸೆಲ್ ಕೂರಿಸಬೇಕು ಎಂದು ಅದು ಪ್ರಿಂಟರಿಗೆ ಹೇಳುತ್ತದೆ. 800 ಪಿಕ್ಸೆಲ್ ಅಗಲದ ಚಿತ್ರಕ್ಕೆ 72 ಎಂಬ ಚೀಟಿ ಇದ್ದರೆ ಅದು ಕಾಗದದ ಮೇಲೆ ಸುಮಾರು 28 ಸೆಂಟಿಮೀಟರ್ ಅಗಲ ಬರುತ್ತದೆ. 600 ಎಂದಿದ್ದರೆ 3.4 ಸೆಂಟಿಮೀಟರ್. ಬ್ರೌಸರ್ ಮಾತ್ರ ಈ ಚೀಟಿಯನ್ನು ಓದುವುದೇ ಇಲ್ಲ. ಅನುಮಾನವಿದ್ದವರು ಒಂದೇ ಚಿತ್ರವನ್ನು ಎರಡು ಸಲ ಉಳಿಸಿ, ಒಂದಕ್ಕೆ 72, ಇನ್ನೊಂದಕ್ಕೆ 600 ಎಂದು ಕೊಟ್ಟು, ಬ್ರೌಸರಿನಲ್ಲಿ ಅಕ್ಕಪಕ್ಕ ತೆರೆದು ನೋಡಲಿ. ಎರಡೂ ಒಂದೇ ಗಾತ್ರದಲ್ಲಿ ಕಾಣುತ್ತವೆ.

ಹಾಗಾದರೆ 72 ಎಲ್ಲಿಂದ ಬಂತು? ಅಚ್ಚುಮೊಳೆಯ ಕಾಲದಿಂದ. ಮುದ್ರಣಕಾರರು ಅಕ್ಷರದ ಗಾತ್ರವನ್ನು ‘ಪಾಯಿಂಟ್’ಗಳಲ್ಲಿ ಅಳೆಯುತ್ತಿದ್ದರು, ಒಂದು ಪಾಯಿಂಟ್ ಎಂದರೆ ಅಂಗುಲದ ಸುಮಾರು 72ನೇ ಒಂದು ಭಾಗ. 1984ರಲ್ಲಿ ಬಂದ ಆ್ಯಪಲ್ ಮ್ಯಾಕಿಂಟಾಷ್ ಕಂಪ್ಯೂಟರಿನ ಪರದೆ 512 ಪಿಕ್ಸೆಲ್ ಅಗಲ, 342 ಪಿಕ್ಸೆಲ್ ಎತ್ತರವಿತ್ತು. ಅದರಲ್ಲಿ ಅಂಗುಲಕ್ಕೆ 72 ಪಿಕ್ಸೆಲ್ ಇರುವಂತೆ ಮಾಡಿದ್ದರು. 12 ಪಾಯಿಂಟಿನ ಅಕ್ಷರ ಪರದೆಯ ಮೇಲೂ ಕಾಗದದ ಮೇಲೂ ಒಂದೇ ಗಾತ್ರದಲ್ಲಿ ಕಾಣಲಿ ಎಂಬ ಸೊಗಸಾದ ಯೋಚನೆ ಅದು. ಆ ಪರದೆ ಹೋಗಿ ಎಷ್ಟೋ ಕಾಲವಾಯಿತು. ಇಂದಿನ ಮೊಬೈಲುಗಳಲ್ಲಿ ಅಂಗುಲಕ್ಕೆ 400 ಪಿಕ್ಸೆಲ್ ಇರುವುದು ಸಾಮಾನ್ಯ. ಸಂಖ್ಯೆ ಮಾತ್ರ ಮಂತ್ರವಾಗಿ ಉಳಿದುಕೊಂಡಿತು.

ಚಿತ್ರ ಹಾಳಾಗುವುದು ಬೇರೆಲ್ಲೋ. ಕೋಲಾರದ ಅಂತರಗಂಗೆ ಬೆಟ್ಟವನ್ನು ಶಾಯಿಯಲ್ಲಿ ಬಿಡಿಸುವುದನ್ನು ಊಹಿಸಿಕೊಳ್ಳಿ. ಒಂದರ ಮೇಲೊಂದು ಬಿದ್ದಿರುವ ಆ ದೈತ್ಯ ಬಂಡೆಗಳಿಗೆ ಉಬ್ಬುತಗ್ಗು ಬರಿಸಲು ಕಲಾವಿದರು ಹ್ಯಾಚಿಂಗ್ ಮಾಡುತ್ತಾರೆ. ತೆಳ್ಳನೆಯ ಗೆರೆಗಳನ್ನು ಒತ್ತೊತ್ತಾಗಿ ಎಳೆದು ನೆರಳು ಹುಟ್ಟಿಸುವ ಕೆಲಸವದು. ಒಂದು ಬಂಡೆಗೇ ನೂರಾರು ಗೆರೆ. ಈ ಚಿತ್ರವಿರುವ ಎ4 ಹಾಳೆಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 4960 ಪಿಕ್ಸೆಲ್ ಅಗಲ, 7016 ಪಿಕ್ಸೆಲ್ ಎತ್ತರದ ಚಿತ್ರ ಸಿಗುತ್ತದೆ. (ಇಲ್ಲಿ ಡಿಪಿಐಗೆ ನಿಜವಾದ ಅರ್ಥವಿದೆ: ಯಂತ್ರ ಕಾಗದವನ್ನು ಎಷ್ಟು ನುಣ್ಣಗೆ ಅಳೆಯಿತು ಎಂಬುದು.) ಒಟ್ಟು 3 ಕೋಟಿ 48 ಲಕ್ಷ ಪಿಕ್ಸೆಲ್. ಜಾಲತಾಣಕ್ಕಾಗಿ ಇದನ್ನು 800 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಉಳಿಯುವುದು 9 ಲಕ್ಷ. ಅಂದರೆ ಸ್ಕ್ಯಾನಿನ ಸುಮಾರು 38 ಪಿಕ್ಸೆಲ್‌ಗಳ ಜಾಗದಲ್ಲಿ ಈಗ ಒಂದೇ ಪಿಕ್ಸೆಲ್. ಆ ಒಂದಕ್ಕೆ ಯಾವ ಬಣ್ಣ ಕೊಡಬೇಕು? ಚಿತ್ರ ಕುಗ್ಗಿಸುವ ವಿಜ್ಞಾನವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ.

ಅತ್ಯಂತ ಸೋಮಾರಿ ಉತ್ತರ, 38ರಲ್ಲಿ ಯಾವುದೋ ಒಂದನ್ನು ಎತ್ತಿಕೊಂಡು ಉಳಿದ 37ನ್ನು ಎಸೆಯುವುದು. ‘ಹತ್ತಿರದ ಪಿಕ್ಸೆಲ್’ ವಿಧಾನ ಮಾಡುವುದು ಇದನ್ನೇ. ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸಿನ ಮೂಲೆಯಲ್ಲಿರುವ ಒಂದೇ ಹಣ್ಣು ನೋಡಿ ಇಡೀ ಬಾಕ್ಸಿನ ಬೆಲೆ ಕೂಗಿದಂತೆ. ಆ ಹಣ್ಣು ಕೊಳೆತಿದ್ದರೆ ಬಾಕ್ಸೆಲ್ಲ ಕೊಳೆತಿದೆ ಎಂಬ ತೀರ್ಮಾನ, ಚೆನ್ನಾಗಿದ್ದರೆ ಎಲ್ಲವೂ ಚೆನ್ನಾಗಿದೆ ಎಂಬ ತೀರ್ಮಾನ. 0.1 ಮಿಲಿಮೀಟರ್ ದಪ್ಪದ ನಿಬ್ಬಿನಿಂದ ಎಳೆದ ನೇರ ಗೆರೆ ಸ್ಕ್ಯಾನಿನಲ್ಲಿ ಎರಡೂವರೆ ಪಿಕ್ಸೆಲ್ ಕೂಡ ಅಗಲ ಇರುವುದಿಲ್ಲ. ನಾವು ಎತ್ತಿಕೊಳ್ಳುವುದು ಪ್ರತಿ 6.2 ಪಿಕ್ಸೆಲ್‌ಗೆ ಒಂದನ್ನು. ಹಾಗಾಗಿ ಅಂಥ ಹತ್ತು ಗೆರೆಗಳಲ್ಲಿ ಸುಮಾರು ಆರು ಮಾಯವಾಗುತ್ತವೆ. ಉಳಿದ ನಾಲ್ಕು ಇದ್ದದ್ದಕ್ಕಿಂತ ದಪ್ಪಗಾಗಿ ಕುಳಿತುಕೊಳ್ಳುತ್ತವೆ. ಓರೆ ಗೆರೆಗಳಾದರೆ ತುಂಡುತುಂಡಾಗುತ್ತವೆ.

ಗೆರೆ ಕಳೆದುಹೋಗುವುದು ಒಂದು ನಷ್ಟ. ಅದಕ್ಕಿಂತ ವಿಚಿತ್ರವಾದುದು, ಕಾಗದದಲ್ಲಿ ಇಲ್ಲದ ಗೆರೆಗಳು ಹುಟ್ಟಿಕೊಳ್ಳುವುದು. ನನ್ನನ್ನು ಈ ವಿಷಯದ ಬೆನ್ನು ಹತ್ತಿಸಿದ್ದೇ ಇದು.

1928ರಲ್ಲಿ ಹ್ಯಾರಿ ನೈಕ್ವಿಸ್ಟ್ ಎಂಬ ಸ್ವೀಡನ್ ಮೂಲದ ಎಂಜಿನಿಯರ್ ಅಮೆರಿಕದಲ್ಲಿ ಟೆಲಿಗ್ರಾಫ್ ತಂತಿಗಳ ಮೇಲೆ ಎಷ್ಟು ವೇಗವಾಗಿ ಸಂಕೇತ ಕಳಿಸಬಹುದು ಎಂದು ಲೆಕ್ಕ ಹಾಕುತ್ತಿದ್ದರು. 1933ರಲ್ಲಿ ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಕೊತೆಲ್ನಿಕೋವ್, 1949ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಅದೇ ದಾರಿಯಲ್ಲಿ ಮುಂದೆ ಹೋಗಿ ನಿಯಮವನ್ನು ಪೂರ್ಣಗೊಳಿಸಿದರು. ಮತ್ತೆ ಮತ್ತೆ ಬರುವ ಯಾವುದೇ ಏರಿಳಿತವನ್ನು ಸರಿಯಾಗಿ ಹಿಡಿಯಬೇಕಾದರೆ ಅದರ ಒಂದು ಸುತ್ತಿನೊಳಗೆ ಎರಡಕ್ಕಿಂತ ಹೆಚ್ಚು ಸಲ ಅಳೆಯಬೇಕು. ಕಡಿಮೆ ಅಳೆದರೆ ಆ ಏರಿಳಿತ ಸುಮ್ಮನೆ ಮರೆಯಾಗುವುದಿಲ್ಲ; ಬೇರೊಂದು, ನಿಧಾನವಾದ ಏರಿಳಿತದ ವೇಷ ಹಾಕಿಕೊಂಡು ಬರುತ್ತದೆ. ಟೆಲಿಗ್ರಾಫಿಗೆ ಹುಟ್ಟಿದ ಈ ಮಾತು ಅಂತರಗಂಗೆಯ ಬಂಡೆಗೂ ಚಾಚೂ ತಪ್ಪದೆ ಅನ್ವಯಿಸುತ್ತದೆ.

ಲೆಕ್ಕ ಮಾಡಿಯೇ ನೋಡೋಣ. ಎ4 ಹಾಳೆಯ ಅಗಲ 210 ಮಿಲಿಮೀಟರ್. ಅದು 800 ಪಿಕ್ಸೆಲ್ ಆದರೆ ಒಂದು ಪಿಕ್ಸೆಲ್ ಕಾಗದದ ಮೇಲಿನ 0.2625 ಮಿಲಿಮೀಟರಿಗೆ ಸಮ. ಹಾಗಾಗಿ ಒಂದು ಗೆರೆಯಿಂದ ಪಕ್ಕದ ಗೆರೆಗೆ ಇರುವ ದೂರ 0.525 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಆ ಹ್ಯಾಚಿಂಗ್ 800 ಪಿಕ್ಸೆಲ್ ಚಿತ್ರದಲ್ಲಿ ಗೆರೆಗಳಾಗಿ ಉಳಿಯುವುದು ಗಣಿತದ ಪ್ರಕಾರವೇ ಅಸಾಧ್ಯ. ನಮ್ಮ ಕಲಾವಿದರು 0.3 ಮಿಲಿಮೀಟರಿಗೊಂದರಂತೆ ಲಂಬವಾಗಿ ಗೆರೆ ಎಳೆದಿದ್ದಾರೆ ಎನ್ನೋಣ. ಒಂದು ಪಿಕ್ಸೆಲ್‌ನಿಂದ ಮುಂದಿನದಕ್ಕೆ ಹೋಗುವಷ್ಟರಲ್ಲಿ ಗೆರೆಗಳ ಸುತ್ತಿನ ಎಂಟರಲ್ಲಿ ಏಳು ಪಾಲು ಮುಗಿದಿರುತ್ತದೆ. ಮೊದಲ ಪಿಕ್ಸೆಲ್ ಗೆರೆಯ ನಟ್ಟನಡುವೆ ಬಿದ್ದರೆ, ಎರಡನೆಯದು ಮುಂದಿನ ಗೆರೆಗಿಂತ ಎಂಟನೇ ಒಂದು ಪಾಲು ಹಿಂದೆ ಬೀಳುತ್ತದೆ, ಮೂರನೆಯದು ಇನ್ನೂ ಹಿಂದೆ. ನಾಲ್ಕು ಪಿಕ್ಸೆಲ್ ದಾಟುವಾಗ ಪೂರ್ತಿ ಬಿಳಿಯ ಮೇಲೆ. ಎಂಟು ದಾಟಿದಾಗ ಮತ್ತೆ ಗೆರೆಯ ನಡುವೆ. ಪರಿಣಾಮವಾಗಿ ಪರದೆಯ ಮೇಲೆ ಎಂಟೆಂಟು ಪಿಕ್ಸೆಲ್‌ಗೆ ಒಂದರಂತೆ ಅಗಲವಾದ ಪಟ್ಟೆಗಳು ಮೂಡುತ್ತವೆ. ಅಂಥ ಪಟ್ಟೆಯನ್ನು ಯಾರೂ ಬಿಡಿಸಿರಲಿಲ್ಲ. ಇದನ್ನು ಮ್ವಾರೆ ವಿನ್ಯಾಸ ಎನ್ನುತ್ತಾರೆ. ಪತ್ರಿಕೆಯಲ್ಲಿ ಅಚ್ಚಾದ ಫೋಟೋ ಸ್ಕ್ಯಾನ್ ಮಾಡಿದಾಗ ಮುಖಗಳ ಮೇಲೆ ಬರುವ ಜಾಲರಿಯೂ ಇದೇ. ‘ಸ್ಕ್ಯಾನರ್ ಕೆಟ್ಟಿದೆ’, ‘ಕಾಗದ ಸರಿಯಿಲ್ಲ’ ಎಂದು ಜನ ಏನೇನೋ ಹೇಳುತ್ತಾರೆ. ಸ್ಕ್ಯಾನರ್ ನಿರಪರಾಧಿ.

ಪರಿಹಾರ ಕೇಳಿದವರಿಗೆ ಮೊದಲು ಆಶ್ಚರ್ಯವಾಗುತ್ತದೆ: ಚಿತ್ರ ಚೂಪಾಗಿ ಬರಬೇಕಾದರೆ ಮೊದಲು ಅದನ್ನು ಮಸುಕು ಮಾಡಬೇಕು. ಹೊಸ ಪಿಕ್ಸೆಲ್‌ನಲ್ಲಿ ಹಿಡಿಯಲಾಗದಷ್ಟು ಸೂಕ್ಷ್ಮವಾದ ಏರಿಳಿತಗಳನ್ನು ಅಳಿಸಿ, ಆಮೇಲೆ ಮಾದರಿ ತೆಗೆದುಕೊಳ್ಳಬೇಕು. ಸರಳ ರೂಪದಲ್ಲಿ ಹೇಳಿದರೆ, 38 ಪಿಕ್ಸೆಲ್‌ಗಳ ಸರಾಸರಿ. ಆಗ 0.1 ಮಿಲಿಮೀಟರ್ ಗೆರೆ ತನ್ನ ಪಿಕ್ಸೆಲ್‌ಗೆ ಶೇ. 38ರಷ್ಟು ಕಪ್ಪು ಕೊಡುತ್ತದೆ. ಬೂದು ಬಣ್ಣದ್ದಾದರೂ ಪ್ರತಿ ಗೆರೆಗೂ ಸಮಾನ ನ್ಯಾಯ ಸಿಗುತ್ತದೆ, ಕಾಗದದ ಮೇಲೆ ಎಷ್ಟು ಶಾಯಿ ಬಿದ್ದಿತ್ತೋ ಅಷ್ಟರ ಲೆಕ್ಕ ಉಳಿಯುತ್ತದೆ. ಆದರೆ ಸಾದಾ ಸರಾಸರಿಯೂ ಪರಿಪೂರ್ಣವಲ್ಲ. ಮೇಲೆ ಹೇಳಿದ 0.3 ಮಿಲಿಮೀಟರ್ ಹ್ಯಾಚಿಂಗಿನಲ್ಲಿ ಸುಳ್ಳು ಪಟ್ಟೆಯ ತೀವ್ರತೆ ಏಳನೇ ಒಂದು ಭಾಗಕ್ಕೆ ಇಳಿಯುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ.

ಇನ್ನೂ ಚೆನ್ನಾಗಿ ಅಳಿಸುವ ವಿಧಾನಕ್ಕೆ ಹಂಗೇರಿಯಲ್ಲಿ ಹುಟ್ಟಿದ ಗಣಿತಜ್ಞ ಕಾರ್ನೀಲಿಯಸ್ ಲಾಂಚೋಸ್ ಅವರ ಹೆಸರಿದೆ. ಒಂದು ಕಾಲದಲ್ಲಿ ಐನ್‌ಸ್ಟೈನ್ ಅವರ ಸಹಾಯಕರಾಗಿದ್ದವರು ಇವರು. ಲಾಂಚೋಸ್ ಶೋಧಕ (ಫಿಲ್ಟರ್) ಪಕ್ಕದ ಪಿಕ್ಸೆಲ್‌ಗಳನ್ನೂ ತೂಗಿ ನೋಡುತ್ತದೆ. ಸ್ವಲ್ಪ ದೂರದವಕ್ಕೆ ಋಣ ತೂಕವನ್ನೂ ಕೊಡುತ್ತದೆ, ಅಂದರೆ ಅವುಗಳ ಬೆಲೆಯನ್ನು ಕಳೆಯುತ್ತದೆ. ಇದರಿಂದ ಗೆರೆಯ ಅಂಚು ಚೂಪಾಗುತ್ತದೆ, ಜೊತೆಗೆ ಅಂಚಿನ ಪಕ್ಕ ತೆಳುವಾದ ಬಿಳಿ ಹೊಳಪು ಹುಟ್ಟುತ್ತದೆ. ಅಪ್ಪಟ ಬಿಳಿ ಹಿನ್ನೆಲೆಯಲ್ಲಿ ಈ ಹೊಳಪು ಕಾಣುವುದಿಲ್ಲ, ಏಕೆಂದರೆ ಬಿಳಿಗಿಂತ ಬಿಳಿ ಎಂಬುದಿಲ್ಲ. ಕಾಗದದ ಮಾಸಲು ಬಣ್ಣ ಹಾಗೇ ಉಳಿದಿದ್ದರೆ ಎದ್ದು ಕಾಣುತ್ತದೆ. ಆದ್ದರಿಂದ ಕಾಗದದ ಕೊಳೆ ತೆಗೆದು ಹಿನ್ನೆಲೆಯನ್ನು ಬಿಳಿ ಮಾಡುವ ಕೆಲಸ ಪೂರ್ಣ ಗಾತ್ರದ ಸ್ಕ್ಯಾನಿನಲ್ಲೇ ಆಗಬೇಕು, ಕುಗ್ಗಿಸುವುದು ಆಮೇಲೆ. ಇನ್ನೊಂದು ಎಚ್ಚರಿಕೆ: ಬರೀ ಕಪ್ಪು-ಬಿಳಿ ಎರಡೇ ಬಣ್ಣದಲ್ಲಿ ಸ್ಕ್ಯಾನ್ ಮಾಡಿದ ಕಡತವನ್ನು ಹಾಗೇ ಕುಗ್ಗಿಸಿದರೆ ಹಲವು ತಂತ್ರಾಂಶಗಳು ಸದ್ದಿಲ್ಲದೆ ಸೋಮಾರಿ ವಿಧಾನಕ್ಕೆ ಇಳಿಯುತ್ತವೆ. ಸರಾಸರಿಯ ಬೂದು ಬಣ್ಣ ಇಡಲು ಅಲ್ಲಿ ಜಾಗವೇ ಇರುವುದಿಲ್ಲವಲ್ಲ! ಮೊದಲು ಬೂದು ಛಾಯೆಗಳಿಗೂ ಜಾಗವಿರುವ ಗ್ರೇಸ್ಕೇಲ್‌ಗೆ ಬದಲಿಸಿಕೊಳ್ಳಬೇಕು.

ಎರಡೇ ಬಣ್ಣದ ಮಾತು ಬಂದಾಗ ರಸೆಲ್ ಕಿರ್ಶ್ ಅವರನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗದು. 1957ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಅವರ ತಂಡ ತಯಾರಿಸಿದ ಉರುಳೆ ಸ್ಕ್ಯಾನರ್ ಕಂಪ್ಯೂಟರಿಗೆ ಮೊದಲ ಫೋಟೋ ಉಣಿಸಿತು. ಫೋಟೋದಲ್ಲಿದ್ದದ್ದು ಕಿರ್ಶ್ ಅವರ ಮೂರು ತಿಂಗಳ ಮಗ. ಗಾತ್ರ 176 ಪಿಕ್ಸೆಲ್ ಅಗಲ, 176 ಎತ್ತರ. ಯಂತ್ರಕ್ಕೆ ಗೊತ್ತಿದ್ದದ್ದು ಕಪ್ಪು ಮತ್ತು ಬಿಳಿ ಎರಡೇ. ಹಾಗಾಗಿ ಕಪ್ಪು ಎಲ್ಲಿಗೆ ಮುಗಿಯುತ್ತದೆ ಎಂಬ ಮಿತಿಯನ್ನು ಬದಲಿಸುತ್ತಾ ಹಲವು ಸಲ ಸ್ಕ್ಯಾನ್ ಮಾಡಿ, ಅವನ್ನು ಕೂಡಿಸಿ ಬೂದು ಛಾಯೆಗಳನ್ನು ಪಡೆದರು.

ಸರಾಸರಿಯಲ್ಲೂ ಒಂದು ಗುಟ್ಟಿದೆ. ಕಡತದಲ್ಲಿ ಕಪ್ಪು 0, ಬಿಳಿ 255. ನಡುವಿನ 128 ಅರ್ಧ ಬೆಳಕು ಎಂದು ಎಲ್ಲರೂ ಭಾವಿಸುತ್ತಾರೆ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ರೂಪಿಸಿದ, ಇಂದು ಎಲ್ಲೆಡೆ ಬಳಕೆಯಲ್ಲಿರುವ ಎಸ್‌ಆರ್‌ಜಿಬಿ ಎಂಬ, ಬಣ್ಣಕ್ಕೆ ಸಂಖ್ಯೆ ಕೊಡುವ ಪದ್ಧತಿಯಲ್ಲಿ 128 ಎಂದರೆ ಶೇ. 22ಕ್ಕಿಂತಲೂ ಕಡಿಮೆ ಬೆಳಕು. ಅರ್ಧ ಬೆಳಕಿನ ಸಂಖ್ಯೆ 188. ಹೆಚ್ಚಿನ ತಂತ್ರಾಂಶಗಳು ಸಂಖ್ಯೆಗಳ ಸರಾಸರಿ ತೆಗೆಯುತ್ತವೆ, ಬೆಳಕಿನದಲ್ಲ. ಹಾಗಾಗಿ ಕುಗ್ಗಿದ ಚಿತ್ರ ಕಪ್ಪಿನ ಕಡೆಗೆ ವಾಲುತ್ತದೆ. ಬಿಳಿ ಕಾಗದದ ಮೇಲಿನ ಕಪ್ಪು ಗೆರೆಗೆ ಇದು ಲಾಭವೇ: ತೆಳು ಗೆರೆಗೆ ಗಟ್ಟಿತನ ಬರುತ್ತದೆ, ಅದನ್ನು ಹಾಗೇ ಬಿಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ರಾತ್ರಿಯ ದೃಶ್ಯದಲ್ಲಿ, ಕಪ್ಪಿನ ಮೇಲೆ ಬಿಳಿ ಗೆರೆಯಲ್ಲಿ ಬಿಡಿಸಿದ ನಕ್ಷತ್ರವೋ ಮಳೆಯೋ ಇದ್ದರೆ ಕಥೆ ಬೇರೆ. ಶೇ. 38 ಬೆಳಕು ಬರಬೇಕಾದ ಕಡೆ ಶೇ. 12 ಬರುತ್ತದೆ, ಮಳೆ ನಿಂತೇಹೋಗುತ್ತದೆ. ಅಂಥ ಪುಟಗಳಿಗೆ ತಂತ್ರಾಂಶದಲ್ಲಿ ಬೆಳಕಿನದೇ ಸರಾಸರಿ ತೆಗೆಯುವ ‘ಲೀನಿಯರ್’ ಆಯ್ಕೆ ಹುಡುಕಿ ಬಳಸಬೇಕು.

ಉಳಿಸುವಾಗ ಗೆರೆಚಿತ್ರಕ್ಕೆ ಪಿಎನ್‌ಜಿ ಎಂಬ ಕಡತ ರೂಪವೇ ಸರಿ. ಜೆಪೆಗ್ ಎಂಬ ಇನ್ನೊಂದು ರೂಪವನ್ನು ನಾನು ಹಳಿಯುವುದಿಲ್ಲ, ಅದರ ಹೃದಯದಲ್ಲಿರುವ ಗಣಿತ ನಮ್ಮ ನೆರೆಯೂರಿನವರದು. ಬೆಂಗಳೂರಿನಲ್ಲಿ ಹುಟ್ಟಿ ಅಲ್ಲಿಯೇ ಎಂಜಿನಿಯರಿಂಗ್ ಓದಿದ ನಾಸಿರ್ ಅಹ್ಮದ್ 1972ರಲ್ಲಿ ಅಮೆರಿಕದಲ್ಲಿ ಈ ಆಲೋಚನೆಗೆ ಸಂಶೋಧನಾ ಧನ ಕೇಳಿದಾಗ ಸಿಗಲಿಲ್ಲ. ಆದರೂ ಬಿಡದೆ, ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಂದಿಗೆ 1974ರಲ್ಲಿ ಪ್ರಕಟಿಸಿದರು. ಅದರ ಮೇಲೆ 1992ರಲ್ಲಿ ಜೆಪೆಗ್ ನಿಂತಿತು. ಎಂಟು ಪಿಕ್ಸೆಲ್ ಚೌಕಗಳಾಗಿ ಚಿತ್ರವನ್ನು ಒಡೆದು, ಪ್ರತಿ ಚೌಕವನ್ನು ನಯವಾದ ಅಲೆಗಳ ಮೊತ್ತವಾಗಿ ಬರೆಯುವ ಈ ಕ್ರಮ ಮುಖ, ಮೋಡ, ಬೆಟ್ಟದ ಫೋಟೋಗಳಿಗೆ ಅದ್ಭುತವಾಗಿ ಒಗ್ಗುತ್ತದೆ. ಬಿಳಿಯಿಂದ ಕಪ್ಪಿಗೆ ಒಮ್ಮೆಲೇ ಜಿಗಿಯುವ ಶಾಯಿ ಗೆರೆ ಮಾತ್ರ ನಯವಾದ ಕೆಲವೇ ಅಲೆಗಳಲ್ಲಿ ಹಿಡಿಸುವುದಿಲ್ಲ. ಅದರ ಸುತ್ತ ಕೊಳಕು ಚುಕ್ಕೆಗಳು ಏಳುತ್ತವೆ.

800 ಪಿಕ್ಸೆಲ್‌ಗೇ ನಿಲ್ಲಬೇಕಾಗಿಯೂ ಇಲ್ಲ. ಇಂದಿನ ಬಹಳಷ್ಟು ಮೊಬೈಲ್ ಪರದೆಗಳು 1080 ಪಿಕ್ಸೆಲ್ ಅಗಲ. 1600ರ ಇನ್ನೊಂದು ಪ್ರತಿಯನ್ನು ಮೂಲ ಸ್ಕ್ಯಾನಿನಿಂದಲೇ ತಯಾರಿಸಿಟ್ಟರೆ, 0.3 ಮಿಲಿಮೀಟರ್ ಹ್ಯಾಚಿಂಗ್ ನೈಕ್ವಿಸ್ಟ್ ಗಡಿಯೊಳಗೆ (ಒಂದು ಸುತ್ತಿಗೆ ಎರಡಕ್ಕಿಂತ ಹೆಚ್ಚು ಪಿಕ್ಸೆಲ್) ಬಂದು ಗೆರೆಗಳಾಗಿಯೇ ಉಳಿಯುತ್ತದೆ. ಆದರೆ ಅದೊಂದನ್ನೇ ಎಲ್ಲರಿಗೂ ಕೊಟ್ಟು ‘ಬ್ರೌಸರ್ ಕುಗ್ಗಿಸಿಕೊಳ್ಳಲಿ’ ಎಂದು ಬಿಟ್ಟರೆ, ಇಷ್ಟು ಹೊತ್ತು ಕಾಪಾಡಿದ್ದನ್ನು ಯಾವುದೋ ವೇಗದ, ಒರಟು ವಿಧಾನದ ಕೈಗೆ ಒಪ್ಪಿಸಿದಂತಾಗುತ್ತದೆ. ಎರಡೂ ಗಾತ್ರ ಇಟ್ಟು, ಪರದೆಗೆ ತಕ್ಕದ್ದನ್ನು ಆರಿಸಿಕೊಳ್ಳಲು ಬ್ರೌಸರಿಗೆ ಹೇಳಬಹುದು.

ಸಂಭಾಷಣೆಯ ಗುಳ್ಳೆಗಳ ಬಗ್ಗೆ ಕನ್ನಡಿಗರು ಇನ್ನಷ್ಟು ಜಾಗರೂಕರಾಗಬೇಕು. ಇಂಗ್ಲಿಷ್ ಚಿತ್ರಕಥೆಗಳಿಗೆ ಹೇಳಿದ ಅಕ್ಷರದ ಅಳತೆ ನಮಗೆ ಸಾಲದು. ಕಾಗದದ ಮೇಲೆ 3 ಮಿಲಿಮೀಟರ್ ಎತ್ತರ ಬರೆದದ್ದು 800ಕ್ಕೆ ಇಳಿದಾಗ 11 ಪಿಕ್ಸೆಲ್ ಚಿಲ್ಲರೆ ಆಗುತ್ತದೆ. ದೊಡ್ಡಕ್ಷರದ ಇಂಗ್ಲಿಷಿಗೆ ಅಷ್ಟು ಸಾಕು. ನಮ್ಮ ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳಲ್ಲಿ ತಲೆಕಟ್ಟು, ಅಕ್ಷರ, ಒತ್ತಕ್ಷರಗಳು ಇದೇ 11 ಪಿಕ್ಸೆಲ್ ಹಂಚಿಕೊಳ್ಳಬೇಕು. ದ ಮತ್ತು ಧ, ಬ ಮತ್ತು ಭ ಬೇರೆಯಾಗುವುದು ಅಡಿಯಲ್ಲಿರುವ ಒಂದು ಸಣ್ಣ ಸೀಳಿನಿಂದ. ಅದು ಒಂದು ಪಿಕ್ಸೆಲ್‌ನ ಅರ್ಧ ಬೂದಾಗಿ ಕರಗಿದರೆ ಓದುಗ ಊಹೆ ಮಾಡಿ ಓದಬೇಕಾಗುತ್ತದೆ. ಕೈಬರಹವೇ ಬೇಕೆಂದರೆ ಒತ್ತಕ್ಷರ ಬಿಟ್ಟು ಮೂಲಾಕ್ಷರವೇ 5 ಮಿಲಿಮೀಟರ್ ಬರುವಂತೆ ಬರೆಯುವುದು ಒಳ್ಳೆಯದು. ಟೈಪ್ ಮಾಡುವುದಾದರೆ ಗುಳ್ಳೆಗಳನ್ನು ಖಾಲಿ ಬಿಟ್ಟು ಸ್ಕ್ಯಾನ್ ಮಾಡಿ, ಚಿತ್ರವನ್ನು ಕುಗ್ಗಿಸಿದ ನಂತರ, ಪ್ರತಿ ಗಾತ್ರದ ಪ್ರತಿಯಲ್ಲೂ ಬೇರೆ ಬೇರೆಯಾಗಿ ಅಕ್ಷರ ಕೂರಿಸಬೇಕು.