ಗಟ್ಟಿ ಹೊಟ್ಟೆಗೆ ಹಾರ್ಮೋನ್ ಇಂಜೆಕ್ಷನ್ ಇದೆಯಂತೆ, ನಿಜವಾ?

ಪ್ರಶ್ನೆ: ಎಚ್‌ಐವಿ ಮಾತ್ರೆ ಶುರು ಮಾಡಿ ಹದಿನೇಳು ವರ್ಷ ಆಯಿತು. ಕೈಕಾಲು ಕಡ್ಡಿ, ಕೆನ್ನೆ ಗುಳಿ, ಹೊಟ್ಟೆ ಮಾತ್ರ ಗಡಿಗೆ. ಹೋಟೆಲ್ ಗಲ್ಲಾದಲ್ಲಿ ಕೂತರೆ ಗಿರಾಕಿಗಳು ‘ಅಣ್ಣಾ, ಬಿಯರ್ ಕಮ್ಮಿ ಮಾಡಿ’ ಅಂತಾರೆ. ನಾನು ಕುಡಿಯುವುದೇ ಇಲ್ಲ! ಇದು ಇಂಜೆಕ್ಷನ್‌ನಿಂದ ಕರಗುತ್ತದಾ? (ಡೊಂಬಿವಲಿಯ ಓದುಗರು)

ಮೊದಲು ಹೊಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡಿ. ಮಡಿಕೆಯಾಗಿ ಕೈಗೆ ಸಿಕ್ಕರೆ ಅದು ಚರ್ಮದಡಿಯ ಕೊಬ್ಬು. ಸಿಗದೆ ತಮಟೆಯ ಹಾಗೆ ಬಿಗಿದಿದ್ದರೆ ಕೊಬ್ಬು ಒಳಗೆ, ಕರುಳಿನ ಸುತ್ತ ಇರುವ ಸಾಧ್ಯತೆ ಜಾಸ್ತಿ. ನೀವು ಕೇಳಿರುವ ಇಂಜೆಕ್ಷನ್ ಟೆಸಮೊರೆಲಿನ್ ಇರಬೇಕು. ಅದು ಕೆಲಸ ಮಾಡುವುದು ಈ ಒಳಗಿನ ಕೊಬ್ಬಿನ ಮೇಲೆ.

ಇದು ಬೆಳವಣಿಗೆಯ ಹಾರ್ಮೋನ್ ಅಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ‘ನಿನ್ನ ಬೆಳವಣಿಗೆಯ ಹಾರ್ಮೋನನ್ನು ರಕ್ತಕ್ಕೆ ಬಿಡು’ ಎಂದು ಹೇಳುವ ಔಷಧ. ಎಚ್‌ಐವಿ ಇರುವವರ ಹೊಟ್ಟೆಯ ಕೊಬ್ಬಿಗೆಂದೇ ಅಮೆರಿಕದಲ್ಲಿ 2010ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ದಿನಾ ಒಂದು ಚುಚ್ಚು, ಹೊಟ್ಟೆಯ ಚರ್ಮದಡಿಗೆ. 26 ವಾರದ ಪ್ರಯೋಗಗಳಲ್ಲಿ ಒಳಗಿನ ಕೊಬ್ಬು ಸರಾಸರಿ 15 ಪರ್ಸೆಂಟ್‌ನಷ್ಟು ಇಳಿದಿತ್ತು. ನಿಲ್ಲಿಸಿದರೆ ಕೊಬ್ಬು ಮತ್ತೆ ಬಂದು ಕೂರುತ್ತದೆ. ತೂಕದ ಕಾಟೆಯಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣದು, ಕೆನ್ನೆಯಂತೂ ತುಂಬುವುದಿಲ್ಲ. ಸಕ್ಕರೆ ಏರಬಹುದು, ಕೀಲು ನೋಯಬಹುದು. ಕ್ಯಾನ್ಸರ್ ಇರುವವರಿಗೆ, ಬಸುರಿಯರಿಗೆ ಕೊಡುವುದಿಲ್ಲ.

ಕೆನ್ನೆಯ ಕಥೆ ಬೇರೆ. ನಮ್ಮಲ್ಲಿ 2004ರಲ್ಲಿ ಎಚ್‌ಐವಿಗೆ ಸರ್ಕಾರಿ ಉಚಿತ ಚಿಕಿತ್ಸೆ ಶುರುವಾದಾಗ ಸ್ಟಾವುಡಿನ್ ಮಾತ್ರೆ ಬಳಕೆಯಲ್ಲಿತ್ತು. ಜೀವ ಉಳಿಸಿತು, ನಿಜ. ಆದರೆ ಮುಖ, ಕೈಕಾಲಿನ ಕೊಬ್ಬು ತಿಂದು ಹಾಕಿತು. ಝಿಡೊವುಡಿನ್ ಎಂಬ ಇನ್ನೊಂದು ಎಚ್‌ಐವಿ ಮಾತ್ರೆ ಕೂಡ ಸ್ವಲ್ಪ ಅದೇ ಜಾತಿ. ಮಾತ್ರೆ ಬದಲಿಸಿದ ಮೇಲೆ ಹೋದ ಕೊಬ್ಬು ವರ್ಷಗಟ್ಟಲೆ ತೆಗೆದುಕೊಂಡು ವಾಪಸ್ ಬರುತ್ತದೆ, ಅದೂ ಅರ್ಧಂಬರ್ಧ. ಹಾಗಾಗಿ ನಿಮ್ಮ ಹಳೆಯ ಚೀಟಿಗಳನ್ನೆಲ್ಲ ಎಆರ್‌ಟಿ ಸೆಂಟರ್‌ಗೆ (ಎಚ್‌ಐವಿ ಮಾತ್ರೆ ಕೊಡುವ ಕೇಂದ್ರಕ್ಕೆ) ಒಯ್ಯಿರಿ. ಈಗ ಯಾವ ಮಾತ್ರೆ, ಹಿಂದೆ ಯಾವುದು ಎಂದು ತಿಳಿಯದೆ ಇಂಜೆಕ್ಷನ್ ಮಾತು ಸುಮ್ನೆ.

ರಿಟೊನಾವಿರ್ ಎಂಬ ಎಚ್‌ಐವಿ ಔಷಧ ಇರುವ ಮಾತ್ರೆ ತೆಗೆದುಕೊಳ್ಳುತ್ತಾ ದಮ್ಮಿಗೆ ಇನ್‌ಹೇಲರ್ ಅಥವಾ ಮೂಗಿಗೆ ಸ್ಪ್ರೇ ಬಳಸುತ್ತಿದ್ದೀರಾ? ಅದನ್ನೂ ಹೇಳಿ. ಕೆಲವು ಇನ್‌ಹೇಲರ್‌ಗಳ ಸ್ಟೆರಾಯ್ಡ್ ಇದರ ಜೊತೆ ಮೈಯಲ್ಲೇ ಉಳಿದು ಹೊಟ್ಟೆ, ಮುಖ ಉಬ್ಬಿಸುತ್ತದೆ. ಆಗ ಬದಲಾಗಬೇಕಾದದ್ದು ಇನ್‌ಹೇಲರ್.

ಜಿಮ್ಮಿನಲ್ಲಿ ಯಾರೋ ‘ಗ್ರೋತ್ ಹಾರ್ಮೋನ್ ಕೊಡಿಸ್ತೀನಿ’ ಅಂದರೆ ಬೇಡ ಅನ್ನಿ. ಬೇಸರದಲ್ಲಿ ಎಚ್‌ಐವಿ ಮಾತ್ರೆ ಮಾತ್ರ ನೀವಾಗಿಯೇ ಬಿಡಬೇಡಿ. ಗಲ್ಲಾ ಬಿಟ್ಟು ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ, ಒಳಗಿನ ಕೊಬ್ಬು ಅದಕ್ಕೂ ಸ್ವಲ್ಪ ಬಗ್ಗುತ್ತದೆ. ಮುಂದಿನ ಸಲ ಹೋದಾಗ ಸಕ್ಕರೆ, ಕೊಲೆಸ್ಟರಾಲ್ ಎರಡನ್ನೂ ನೋಡಿಸಿಕೊಳ್ಳಿ.